ಎರಡನೆಯ ಹೊಸ್ತಿಲು

ವಿಜ್ಞಾನಿ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಒಂಟಿ ಮನುಷ್ಯನ ಚಿತ್ರ. ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಆರ್ಕಿಮಿಡೀಸ್, ಸೇಬಿನ ಮರದ ಬಳಿ ಚಿಂತಾಮಗ್ನನಾಗಿ ಕುಳಿತ ನ್ಯೂಟನ್ – ಇಂಥವರ ಕಥೆಗಳನ್ನು ಕೇಳಿ ಬೆಳೆದ ನಾವು, ಹೊಸ ವಿಚಾರವೆಂಬುದು ಏಕಾಂತದಲ್ಲಿ ತಪಸ್ಸು ಮಾಡಿದವರಿಗೆ ಒಲಿಯುವ ವರವೆಂದು ಭಾವಿಸಿದ್ದೇವೆ. ಈ ಭಾವನೆಯಲ್ಲಿ ಅರ್ಧ ಸತ್ಯವಿದೆ. ಏಕಾಗ್ರತೆಯಿಲ್ಲದೆ ಯಾವ ವಿದ್ಯೆಯೂ ಸಿದ್ಧಿಸದು. ಆದರೆ ಉಳಿದ ಅರ್ಧವನ್ನು ಈ ಕಥೆಗಳು ಹೇಳುವುದಿಲ್ಲ. ವಿಜ್ಞಾನಿ ತನ್ನ ಪ್ರಯೋಗವನ್ನು ಪಕ್ಕದ ಮೇಜಿನವನಿಗೆ ತೋರಿಸುತ್ತಾನೆ. ಅವನು ಒಂದು ಸಂದೇಹವನ್ನೆತ್ತುತ್ತಾನೆ. ಕಾಫಿಯ ವೇಳೆಯಲ್ಲಿ ಆಡಿದ ಒಂದು ಮಾತು ಮರುದಿನದ ಪ್ರಯೋಗಕ್ಕೆ ದಾರಿಯಾಗುತ್ತದೆ. ಗುರು ಬರೆದ ಒಂದು ಪತ್ರ ಶಿಷ್ಯನನ್ನು ಸಮುದ್ರದಾಚೆಯ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತದೆ. ಪುಸ್ತಕದಲ್ಲಿ ಅಚ್ಚಾಗುವ ವಿಜ್ಞಾನದ ಹಿಂದೆ ಎಲ್ಲಿಯೂ ಅಚ್ಚಾಗದ ಈ ಒಡನಾಟವಿದೆ. ಅದರೊಳಗೆ ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎಂಬುದೇ ಇಲ್ಲಿಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲನ್ನು ತೆರೆದ ಲೋಕವು ಈ ಒಡನಾಟದ ಬಾಗಿಲನ್ನು ಇನ್ನೂ ಪೂರ್ತಿಯಾಗಿ ತೆರೆದಿಲ್ಲ.

ಒಡನಾಟದ ಬೆಲೆಯನ್ನು ಸರ್ ಸಿ. ವಿ. ರಾಮನ್ ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಶಿಷ್ಯರಾದ ಕೆ. ಎಸ್. ಕೃಷ್ಣನ್ ಅವರ ಜೊತೆಗೂಡಿ ದುಡಿದು, 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ಮೇಲೆ ಅವರು ಕೈಕಟ್ಟಿ ಕೂಡಲಿಲ್ಲ. ಮಾರ್ಚ್ 16ರಂದು ಬೆಂಗಳೂರಿಗೆ ಬಂದು ಆ ಹೊಸ ವಿಕಿರಣದ ವಿಷಯವಾಗಿ ಉಪನ್ಯಾಸ ಮಾಡಿದರು. ಉಪನ್ಯಾಸವನ್ನು ತಡಮಾಡದೆ ಅಚ್ಚುಹಾಕಿಸಿ, ಅದರ ಪ್ರತಿಗಳನ್ನು ನಾನಾ ದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ, ಅದಕ್ಕೆ ಅವರ ಹೆಸರನ್ನು ಸೂಚಿಸಿದವರಲ್ಲಿ ರುದರ್‌ಫರ್ಡ್, ಬೋರ್ ಮೊದಲಾದ ಮಹನೀಯರಿದ್ದರು. ಶೋಧ ರಾಮನ್ ಅವರದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಕತ್ತೆಯ ಕೋಣೆಯೊಂದರಲ್ಲಿ ಕಂಡ ಬೆಳಕು ಯೂರೋಪಿನ ಕಣ್ಣಿಗೆ ಬೀಳುವುದಕ್ಕೆ ಪತ್ರ ಬೇಕಾಯಿತು, ಪರಿಚಯ ಬೇಕಾಯಿತು, ತನ್ನ ಮಾತನ್ನು ಕೇಳುವ ಕಿವಿಗಳು ಬೇಕಾದುವು.

ಈಗ ಕೆಲವು ಅಂಕಿಗಳನ್ನು ನೋಡೋಣ. ಜಗತ್ತಿನ ಸಂಶೋಧಕರಲ್ಲಿ ಹೆಂಗಸರು ಹೆಚ್ಚು ಕಡಮೆ ಮೂವರಲ್ಲಿ ಒಬ್ಬರು. ಹೊಸ ಸಾಧನವನ್ನೋ ವಿಧಾನವನ್ನೋ ಕಂಡುಹಿಡಿದು, ಅದರ ಮೇಲೆ ಅಂತರರಾಷ್ಟ್ರೀಯ ಪೇಟೆಂಟು, ಎಂದರೆ ಶೋಧಕನ ಹಕ್ಕುಪತ್ರ, ಬೇಡುವವರ ಪಟ್ಟಿಯಲ್ಲಿ ನೋಡಿದರೆ ಈ ಪಾಲು ಆರರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. 1901ರಿಂದ 2025ರವರೆಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದ ಹೆಂಗಸರು ಐವರೇ. ನಮ್ಮ ದೇಶದಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಯ ಪದವೀಧರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು. ಸಂಶೋಧನೆಯ ಹುದ್ದೆಗಳಿಗೆ ಬಂದರೆ ಐವರಲ್ಲಿ ಒಬ್ಬರು ಕಂಡರೆ ಹೆಚ್ಚು. ಬೆಟ್ಟದ ಬುಡದಲ್ಲಿ ಜೊತೆಯಾಗಿ ಹೊರಟ ಇಬ್ಬರಲ್ಲಿ ಒಬ್ಬರು ದಾರಿಯಲ್ಲಿ ಕಾಣದಂತಾಗುತ್ತಾರೆ. ಅವರು ಎಲ್ಲಿ ನಿಂತುಹೋದರು, ಏಕೆ ನಿಂತುಹೋದರು ಎಂದು ಕೇಳದಿರುವುದು ಹೇಗೆ?

ಮೊದಲನೆಯ ಹೊಸ್ತಿಲಿನ ಕಥೆ ನಮ್ಮ ಬೆಂಗಳೂರಿನದೇ. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಯುವತಿ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಇವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ರಸಾಯನವಿಜ್ಞಾನವನ್ನು ಕಲಿತವರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ರಾಮನ್ ಅರ್ಜಿಯನ್ನು ತಳ್ಳಿಹಾಕಿದರು. ಹೆಣ್ಣೆಂಬುದೊಂದೇ ಅದಕ್ಕೆ ಕಾರಣ. ಕಮಲಾ ಸುಮ್ಮನೆ ಹಿಂದಿರುಗಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರನ್ನು ಎದುರಾಗಿ ಕಂಡರು, ಕಾರಣ ಕೇಳಿದರು, ಸೇರಿಸಿಕೊಳ್ಳದಿದ್ದರೆ ಸತ್ಯಾಗ್ರಹ ಹೂಡುವುದಾಗಿ ಹೇಳಿದರು. ಗಾಂಧೀಜಿ ಕಲಿಸಿದ ಅಸ್ತ್ರ ಹೀಗೆ ಪ್ರಯೋಗಾಲಯದ ಬಾಗಿಲಲ್ಲಿಯೂ ಉಪಯೋಗಕ್ಕೆ ಬಂತು! ರಾಮನ್ ಕೊನೆಗೆ ಒಪ್ಪಿದರು. ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಅವರ ಇರುವಿಕೆಯಿಂದ ಗಂಡು ಸಂಶೋಧಕರ ಗಮನ ಕೆಡಬಾರದು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಕಮಲಾ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ಅವರ ಶ್ರದ್ಧೆ ರಾಮನ್ ಅವರಿಗೆ ಮನವರಿಕೆಯಾಯಿತು. ಅಲ್ಲಿಂದ ಮುಂದೆ ಆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ದೊರೆಯತೊಡಗಿತು. ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡದ್ದು ರಾಮನ್ ಅವರ ದೊಡ್ಡತನವೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಕಮಲಾ ಅವರಿಗೆ ಆ ಷರತ್ತಿನ ಅವಮಾನ ಮುಪ್ಪಿನವರೆಗೂ ಮರೆಯಲಿಲ್ಲ. ಮರೆಯಬೇಕೆಂದು ಹೇಳುವ ಅಧಿಕಾರ ನಮಗೂ ಇಲ್ಲ.

ಹೀಗೆ ಮೊದಲನೆಯ ಬಾಗಿಲು ತೆರೆಯಿತು. ಏಳು ವರ್ಷಗಳ ನಂತರ, 1940ರಲ್ಲಿ, ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅಣ್ಣಾ ಮಣಿ ಎಂಬ ತರುಣಿ ರಾಮನ್ ಅವರ ಪ್ರಯೋಗಾಲಯಕ್ಕೇ ಸಂಶೋಧಕರಾಗಿ ಸೇರಿದರು. ಈ ಸಲ ಸತ್ಯಾಗ್ರಹದ ಅಗತ್ಯ ಬೀಳಲಿಲ್ಲ. ವಜ್ರ ಮತ್ತು ಕೆಂಪುಗಳು ಬೆಳಕನ್ನು ಹೀರಿ ಹೊಳೆಯುವ ಬಗೆಯನ್ನು ಅವರು ಅಭ್ಯಾಸ ಮಾಡಿದರು. ಒಂದೊಂದು ಛಾಯಾಫಲಕವನ್ನು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲಿಯೇ ಮಲಗಿದ್ದುಂಟು. 1942ರಿಂದ 1945ರವರೆಗೆ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಇಷ್ಟನ್ನು ಕೇಳಿದರೆ ಎಲ್ಲ ಸರಿಹೋಯಿತೆಂದು ತೋರುತ್ತದೆ. ಆದರೆ ಅದೇ ಪ್ರಯೋಗಾಲಯದಲ್ಲಿ ಗಂಡು ಹೆಣ್ಣು ವಿದ್ಯಾರ್ಥಿಗಳು ಕಲೆತು ಮಾತನಾಡುವುದನ್ನು ರಾಮನ್ ಸಹಿಸುತ್ತಿರಲಿಲ್ಲ. ಅಣ್ಣಾ ಮಣಿಯವರೂ ಅವರ ಸಹೋದ್ಯೋಗಿ ಸುನಂದಾ ಬಾಯಿಯವರೂ ತಮ್ಮ ಪಾಡಿಗೆ ತಾವು ಕೆಲಸ ಮಾಡಬೇಕಾಗಿತ್ತು. ಪಕ್ಕದ ಕೋಣೆಯಲ್ಲಿ ನಾಲ್ಕಾರು ತರುಣರು ಸೇರಿ ಒಂದು ವರ್ಣರೇಖೆಯ ಬಗ್ಗೆ ವಾದಿಸುತ್ತಿದ್ದರೆ, ಆ ವಾದದಲ್ಲಿ ಇವರಿಗೆ ಪಾಲಿಲ್ಲ. 1945ರಲ್ಲಿ ಅಣ್ಣಾ ಮಣಿ ತಮ್ಮ ಪ್ರಬಂಧವನ್ನು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಭಂಡಾರದಲ್ಲಿ ಉಳಿದುಕೊಂಡಿತು.

ಇದನ್ನೇ ನಾನು ಎರಡನೆಯ ಹೊಸ್ತಿಲು ಎಂದು ಕರೆಯುತ್ತೇನೆ. ಮೊದಲನೆಯ ಹೊಸ್ತಿಲಿಗೆ ಕಾವಲುಗಾರನಿರುತ್ತಾನೆ, ನಿಯಮವಿರುತ್ತದೆ. ಆದ್ದರಿಂದ ಅದು ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ಕುಳಿತು ಸತ್ಯಾಗ್ರಹ ಮಾಡಬಹುದು. ಎರಡನೆಯದಕ್ಕೆ ನಿಯಮವೇ ಇಲ್ಲ. ಅದು ಮಾತಿನ ಗುಂಪಿನ ಸುತ್ತ ಹರಡಿರುವ, ಬರಹದಲ್ಲಿಲ್ಲದ ಒಂದು ಗೆರೆ. ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಬರಮಾಡಿಕೊಂಡು, ಪಂಕ್ತಿಯಲ್ಲಿ ಮಾತ್ರ ಎಲೆ ಹಾಕದೆ ಬಿಟ್ಟರೆ ಬಂದವರು ಯಾರನ್ನು ದೂರಬೇಕು?

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ವಿಯೆನ್ನಾದ ಲೀಸ್ ಮೈಟ್ನರ್ 1907ರಲ್ಲಿ ಬರ್ಲಿನ್ನಿಗೆ ಬಂದು ಆಟೋ ಹಾನ್ ಅವರ ಜೊತೆ ಕೆಲಸಕ್ಕೆ ತೊಡಗಿದರು. ಅಲ್ಲಿಯ ರಸಾಯನ ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಮಿಲ್ ಫಿಷರ್ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಆಕೆಗೆ ದೊರೆತದ್ದು ಕೆಳಗಣ ಅಂತಸ್ತಿನಲ್ಲಿ ಹಿಂದೆ ಬಡಗಿಯ ಕೆಲಸ ನಡೆಯುತ್ತಿದ್ದ ಒಂದು ಕೋಣೆ; ಅದಕ್ಕೆ ಬೇರೆಯದೇ ಬಾಗಿಲು. ಹಾನ್ ಮಹಡಿ ಹತ್ತಿ ಹೋಗಿ ಇತರರೊಡನೆ ಮಾತನಾಡಿ ಬರಬಹುದಾಗಿತ್ತು, ಆಕೆ ಹೋಗುವಂತಿರಲಿಲ್ಲ. ಒಂದೆರಡು ವರ್ಷಗಳಲ್ಲಿ ಆ ನಿರ್ಬಂಧ ಹೋಯಿತು. ಆಮೇಲೂ ಇಬ್ಬರೂ ಜೊತೆಯಾಗಿ ನಡೆದು ಬರುವಾಗ ಸಂಸ್ಥೆಯ ಕೆಲವು ಸಹಾಯಕರು ಹಾನ್ ಅವರಿಗೆ ಮಾತ್ರ ಹೆಸರು ಹಿಡಿದು ವಂದಿಸಿ ಮುಂದೆ ಸಾಗುತ್ತಿದ್ದರಂತೆ. ನಿರ್ಬಂಧವನ್ನು ಒಂದು ಆಜ್ಞೆಯಿಂದ ತೆಗೆಯಬಹುದು. ಈ ವಂದನೆಯನ್ನು ಯಾವ ಆಜ್ಞೆಯಿಂದ ತಿದ್ದಬೇಕು?

ಮಾತಿನ ಗುಂಪಿನಿಂದ ಹೊರಗಿದ್ದರೆ ನಷ್ಟವೇನು, ಕೆಲಸ ತಾನೇ ಮುಖ್ಯ ಎಂದು ಕೆಲವರು ಹೇಳಬಹುದು. ಅವರಿಗಾಗಿ ಒಂದು ಪ್ರಸಂಗ. ಮರಿಯಾ ಗೆಪರ್ಟ್ ಮೇಯರ್ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ರಸಾಯನವಿಜ್ಞಾನಿಯಾಗಿದ್ದ ಪತಿಯೊಡನೆ 1930ರಲ್ಲಿ ಅಮೆರಿಕಕ್ಕೆ ಹೋದವರು. ಗಂಡ ಹೆಂಡತಿ ಇಬ್ಬರಿಗೂ ಒಂದೇ ವಿಶ್ವವಿದ್ಯಾನಿಲಯದಲ್ಲಿ ಹುದ್ದೆ ಕೊಡಬಾರದೆಂಬ ನಿಯಮಕ್ಕೆ ಸಿಕ್ಕಿ ಅನೇಕ ವರ್ಷ ಸರಿಯಾದ ಹುದ್ದೆಯಿಲ್ಲದೆಯೇ ಸಂಶೋಧನೆ ನಡೆಸಿದರು; ಷಿಕಾಗೋದಲ್ಲಿ ಅವರು ಸಂಬಳವಿಲ್ಲದ ಪ್ರಾಧ್ಯಾಪಕಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರ ಮನಸ್ಸನ್ನು ಕೆಲವು ಸಂಖ್ಯೆಗಳು ಹಿಡಿದಿದ್ದುವು: 2, 8, 20, 28, 50, 82, 126. ಪರಮಾಣುವಿನ ಬೀಜದಲ್ಲಿ ಪ್ರೋಟಾನುಗಳೋ ನ್ಯೂಟ್ರಾನುಗಳೋ ಇಷ್ಟೇ ಸಂಖ್ಯೆಯಲ್ಲಿದ್ದರೆ ಆ ಬೀಜ ವಿಶೇಷವಾಗಿ ಸ್ಥಿರವಾಗಿರುತ್ತದೆ. ಏಕೆ ಹೀಗೆ? ಉತ್ತರ ಹೊಳೆದಿರಲಿಲ್ಲ. ಒಂದು ದಿನ ಅವರು ಈ ವಿಷಯವನ್ನು ಎನ್ರಿಕೋ ಫರ್ಮಿಯವರೊಡನೆ ಮಾತನಾಡುತ್ತಿದ್ದಾಗ ಫರ್ಮಿಗೆ ದೂರವಾಣಿಯ ಕರೆ ಬಂತು. ಕೋಣೆಯಿಂದ ಹೊರಡುತ್ತ ಫರ್ಮಿ ಒಂದು ಪ್ರಶ್ನೆಯನ್ನು ಎಸೆದು ಹೋದರು: ಕಣದ ಸ್ವಂತ ಗಿರಕಿಗೂ ಅದು ಸುತ್ತುವ ಪಥಕ್ಕೂ ನಂಟಿರುವಂತೆ ಏನಾದರೂ ಕಾಣುತ್ತದೆಯೆ? ಆ ಒಂದು ಪ್ರಶ್ನೆಯಿಂದ ಮರಿಯಾ ಅವರಿಗೆ ಎಲ್ಲವೂ ಥಟ್ಟನೆ ಸ್ಪಷ್ಟವಾಯಿತು. ಫರ್ಮಿ ಹಿಂದಿರುಗುವ ವೇಳೆಗೆ ಅವರು ವಿವರಣೆಯನ್ನು ಹೇಳಲು ಸಿದ್ಧರಾಗಿದ್ದರು. 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟದ್ದು ಇದೇ ಕೆಲಸ.

ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ವಿದ್ವತ್ತು ಮರಿಯಾ ಅವರಲ್ಲಿತ್ತು. ವರ್ಷಗಳ ಪರಿಶ್ರಮದಿಂದ ಅವರು ಅದನ್ನು ಸಂಪಾದಿಸಿದ್ದರು. ಆದರೆ ಪ್ರಶ್ನೆ ಅವರ ಕಿವಿಗೆ ಬಿದ್ದದ್ದು ಅವರು ಆ ಕೋಣೆಯಲ್ಲಿ ಕುಳಿತಿದ್ದುದರಿಂದ. ಕೋಣೆಯ ಹೊರಗೆ ಉಳಿದ ಎಷ್ಟು ಮಂದಿಯ ಪಾಲಿಗೆ ಇಂಥ ಪ್ರಶ್ನೆ ಬಾರದೆಯೇ ಹೋಯಿತೋ, ಅದರ ಲೆಕ್ಕವನ್ನು ಯಾವ ಇತಿಹಾಸಕಾರನೂ ಕೊಡಲಾರ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಹಳೆಯ ಕಾಲದಲ್ಲಿ ಈ ಬಳಗದೊಳಗೆ ಬಂದ ಹೆಂಗಸರಲ್ಲಿ ಹಲವರು ಮನೆಯ ಗಂಡಸರ ಬೆರಳು ಹಿಡಿದೇ ಬಂದವರು. ಕಮಲಾ ಅವರಿಗೆ ತಂದೆ ಮತ್ತು ಚಿಕ್ಕಪ್ಪ, ಮೇರಿ ಕ್ಯೂರಿ ಮತ್ತು ಮರಿಯಾ ಅವರಿಗೆ ಪತಿ. ನಮ್ಮ ಬೆಂಗಳೂರಿನವರೇ ಆದ ರಾಜೇಶ್ವರಿ ಚಟರ್ಜಿಯವರ ದಾರಿ ಸ್ವಲ್ಪ ಬೇರೆ. ಅವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1953ರಲ್ಲಿ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಕೂಡಿ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿದರು. ಅದು ಸುಂದರವಾದ ದಾಂಪತ್ಯ, ಸುಂದರವಾದ ಸಹಕಾರ. ಆದರೆ ವಿಜ್ಞಾನಿಯ ಮಗಳೂ ಅಲ್ಲದ, ವಿಜ್ಞಾನಿಯ ಮಡದಿಯೂ ಆಗದ, ಹಳ್ಳಿಯ ಶಾಲೆಯಲ್ಲಿ ಗಣಿತವನ್ನು ಪ್ರೀತಿಸುವ ಹುಡುಗಿ ಯಾರ ಬೆರಳು ಹಿಡಿಯಬೇಕು? ಮಗನಾದರೆ ಅವನಿಗೆ ವಿದ್ಯಾರ್ಥಿನಿಲಯದ ಗೆಳೆಯರಿರುತ್ತಾರೆ. ರಾತ್ರಿ ಹತ್ತು ಗಂಟೆಗೆ ಚಹದ ಅಂಗಡಿಯ ಮುಂದೆ ನಿಂತು ಮಾತನಾಡುವ ಸ್ವಾತಂತ್ರ್ಯವಿರುತ್ತದೆ. ಆ ಅಂಗಡಿಯ ಮುಂದಿನ ಬೆಂಚು ಎಷ್ಟೋ ಸಲ ತರಗತಿಗಿಂತ ದೊಡ್ಡ ಪಾಠಶಾಲೆ.

ಶೋಧವನ್ನು ಬಳಕೆಯ ವಸ್ತುವಾಗಿ ಮಾಡುವ ಹಂತದಲ್ಲಂತೂ ಪರಿಚಯದ ಪಾತ್ರ ಇನ್ನೂ ದೊಡ್ಡದು. ಪ್ರಯೋಗಾಲಯದಲ್ಲಿ ಹೊಸ ಔಷಧದ ಸುಳಿವು ಸಿಕ್ಕಿತೆನ್ನಿ. ಅದಕ್ಕೆ ಬೆಲೆಯಿದೆಯೆಂದು ತಿಳಿಸುವ ಉದ್ಯಮಿ ಬೇಕು, ಹಕ್ಕುಪತ್ರವನ್ನು ಬರೆದುಕೊಡುವ ವಕೀಲ ಬೇಕು, ಹಣ ಹಾಕುವವರು ಬೇಕು. ಇವರ ವಿಳಾಸ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅಮೆರಿಕದಲ್ಲಿ ಡಿಂಗ್, ಮರೇ ಮತ್ತು ಸ್ಟೂಅರ್ಟ್ ಎಂಬ ಮೂವರು ವಿದ್ವಾಂಸರು 4,227 ಮಂದಿ ಜೀವವಿಜ್ಞಾನಿಗಳ ಮೂವತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಒಂದು ಲೇಖನ ಪ್ರಕಟಿಸಿದರು. ಗಂಡಸರು 100 ಪೇಟೆಂಟುಗಳನ್ನು ಪಡೆಯುವಲ್ಲಿ ಅಷ್ಟೇ ಸಂಖ್ಯೆಯ ಹೆಂಗಸರು ಪಡೆದದ್ದು ಸುಮಾರು 40. ಹೆಂಗಸರ ಸಂಶೋಧನೆ ಕೀಳಾಗಿತ್ತೆ? ಹಾಗೆಂದು ಹೇಳುವಂತೆ ಏನೂ ಕಾಣಲಿಲ್ಲ. ಪ್ರಾಧ್ಯಾಪಕರನ್ನು ಮಾತನಾಡಿಸಿ ನೋಡಿದಾಗ ತಿಳಿದ ಮುಖ್ಯ ಕಾರಣಗಳಲ್ಲಿ ಒಂದು ಇದು: ಉದ್ಯಮದಲ್ಲಿ ಪರಿಚಿತರಿದ್ದ ಗಂಡಸರು ಅವರನ್ನು ಸಲೀಸಾಗಿ ವಿಚಾರಿಸುತ್ತಿದ್ದರು, ಹೆಂಗಸರಿಗೆ, ಅದರಲ್ಲಿಯೂ ಹಿರಿಯ ತಲೆಮಾರಿನವರಿಗೆ, ಅಂಥ ಪರಿಚಿತರೇ ಕಡಮೆ. ತಮ್ಮ ಶೋಧ ಪೇಟೆಗೆ ಬರಬಲ್ಲದೆ ಎಂದು ಯಾರನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ನಷ್ಟ ಅವರೊಬ್ಬರದೇ ಅಲ್ಲ. ಆ ಔಷಧ ಬೇಕಾಗಿದ್ದ ರೋಗಿಯೂ ಇದರಲ್ಲಿ ಪಾಲುದಾರ.

ಹೆಣ್ಣುಮಕ್ಕಳಿಗೆ ಸಾಮರ್ಥ್ಯ ಸಾಲದು ಎಂಬ ವಾದಕ್ಕೆ ನಾನು ಹೆಚ್ಚು ಜಾಗ ಕೊಡಲಾರೆ. 2019ರ ಚಂದ್ರಯಾನ–2 ಯೋಜನೆಯ ನಿರ್ದೇಶಕಿ ಎಂ. ವನಿತಾ, 2023ರಲ್ಲಿ ಹಾರಿದ ಆದಿತ್ಯ ಎಲ್–1 ನೌಕೆಯ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ, ಇಷ್ಟು ಸಾಕು. ಮನೆ ಮಕ್ಕಳ ಹೊಣೆ ಹೆಂಗಸರ ಮೇಲೆ ಬೀಳುವುದರಿಂದ ಅವರು ಹಿಂದೆ ಉಳಿಯುತ್ತಾರೆಂಬ ಮಾತಿನಲ್ಲಿ ಹೆಚ್ಚು ಹುರುಳಿದೆ. ಆದರೆ ಅದು ನನ್ನ ಮಾತಿಗೆ ವಿರೋಧವಲ್ಲ, ಪೋಷಕ. ಸಂಜೆ ಆರರ ಮೇಲೆ ಸಭೆ ಕರೆದರೆ, ಒಲೆ ಹೊತ್ತಿಸಬೇಕಾದವರು ಬರಲಾರರು. ದೂರದೂರಿನ ಸಮ್ಮೇಳನಕ್ಕೆ ಹೋದವನಿಗೆ ಹತ್ತು ಜನರ ಪರಿಚಯವಾಗುತ್ತದೆ; ಮಗುವಿಗೆ ಜ್ವರವೆಂದು ಉಳಿದವಳಿಗೆ ಆಗುವುದಿಲ್ಲ. ತರಗತಿಯ ಪಾಠ ತಪ್ಪಿದರೆ ಗೆಳತಿಯ ಪುಸ್ತಕ ನೋಡಿ ಬರೆದುಕೊಳ್ಳಬಹುದು. ತಪ್ಪಿದ ಪರಿಚಯವನ್ನು ಯಾರ ಪುಸ್ತಕದಿಂದ ಬರೆದುಕೊಳ್ಳುವುದು?

ಹೆಂಗಸರು ತಮ್ಮದೇ ಸಂಘಗಳನ್ನು ಕಟ್ಟಿಕೊಳ್ಳಲಿ ಎನ್ನುವವರೂ ಇದ್ದಾರೆ. ಅಂಥ ಸಂಘಗಳಿವೆ, ಅವು ಒಳ್ಳೆಯ ಕೆಲಸ ಮಾಡುತ್ತಿವೆ. ಒಬ್ಬಳೇ ಇದ್ದೇನೆಂಬ ಭಯವನ್ನು ಹೋಗಲಾಡಿಸುವುದೇನು ಸಾಮಾನ್ಯವೆ? ಆದರೂ ಅದೊಂದೇ ಪರಿಹಾರವೆಂದರೆ ನಾನು ಒಪ್ಪಲಾರೆ. ಧನಸಹಾಯವನ್ನು ಹಂಚುವ ಮಂಡಲಿ, ಉಪನ್ಯಾಸಕರನ್ನು ಆರಿಸುವ ಸಮಿತಿ, ಪತ್ರಿಕೆಗಳ ಸಂಪಾದಕವರ್ಗ ಇವೆಲ್ಲ ಇನ್ನೊಂದು ಕೋಣೆಯಲ್ಲಿ ಕುಳಿತಿರುವಾಗ, ಈ ಕೋಣೆಯಲ್ಲಿ ಎಷ್ಟು ಚೆನ್ನಾಗಿ ಮಾತನಾಡಿದರೂ ಅದು ಆ ಕೋಣೆಗೆ ಕೇಳುವುದಿಲ್ಲ. ಅಣ್ಣಾ ಮಣಿಯವರಂಥ ಗಟ್ಟಿಗರು ಅಪರೂಪಕ್ಕೆ ಇಂಥ ಗೋಡೆಯನ್ನು ದಾಟುತ್ತಾರೆ. ಡಾಕ್ಟರೇಟ್ ಸಿಗದ ಅವರು 1945ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕುರಿತು ಕಲಿತರು. ಹಿಂದಿರುಗಿ ಪುಣೆಯ ಹವಾಮಾನ ಇಲಾಖೆಯಲ್ಲಿ, ಆವರೆಗೆ ಹೊರದೇಶಗಳಿಂದ ತರಿಸುತ್ತಿದ್ದ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಇಲ್ಲಿಯೇ ತಯಾರಾಗುವಂತೆ ಮಾಡಿದರು. ಅವರ ಕೈಕೆಳಗೆ ದುಡಿದ ಗಂಡಸರು ನೂರಕ್ಕೂ ಹೆಚ್ಚು. ದೇಶದ ಉದ್ದಗಲಕ್ಕೆ ಬಿಸಿಲನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು. ನಾಲ್ಕು ಜನರ ಮಾತಿಗೆ ಸೇರಿಸದಿದ್ದ ಹೆಂಗಸು ಕೊನೆಗೆ ನಾಡಿಗೆ ನಾಡನ್ನೇ ಒಂದು ಜಾಲದಲ್ಲಿ ಹೆಣೆದರು. ಇದನ್ನು ಕಂಡು ನಾವು ಹೆಮ್ಮೆಪಡಬೇಕು. ಆದರೆ ಎಲ್ಲ ಹುಡುಗಿಯರೂ ಅಣ್ಣಾ ಮಣಿಯಾಗಬೇಕೆಂದು ಬಯಸುವುದು ನ್ಯಾಯವಲ್ಲ. ಸಾಧಾರಣ ಬುದ್ಧಿಯ ಹುಡುಗ ವಿಜ್ಞಾನಿಯಾಗಬಹುದಾದರೆ, ಸಾಧಾರಣ ಬುದ್ಧಿಯ ಹುಡುಗಿಯೂ ಆಗಬಹುದು.

ಈ ಗೆರೆ ದೊಡ್ಡ ಸಂಸ್ಥೆಗಳಲ್ಲಿ ಹುಟ್ಟುವುದಿಲ್ಲ. ಅದರ ಮೊದಲ ಎಳೆಯನ್ನು ನಾನು ಪ್ರೌಢಶಾಲೆಗಳಲ್ಲಿಯೇ ಕಂಡಿದ್ದೇನೆ. ಹುಡುಗರೂ ಹುಡುಗಿಯರೂ ಸೇರಿದ ನಾಲ್ವರ ಒಂದು ತಂಡಕ್ಕೆ ವಿದ್ಯುಚ್ಛಕ್ತಿಯ ಪ್ರಯೋಗ ಕೊಟ್ಟಿದ್ದಾರೆನ್ನಿ. ತಂತಿಯನ್ನು ಜೋಡಿಸುವವನು ಹುಡುಗ, ಮಾಪಕದ ಮುಳ್ಳನ್ನು ನೋಡಿ ಕೂಗಿ ಹೇಳುವವನು ಹುಡುಗ, ದೀಪ ಹತ್ತದಿದ್ದರೆ ತಪ್ಪೆಲ್ಲಿದೆಯೆಂದು ತಡಕುವವನೂ ಹುಡುಗ. ಹುಡುಗಿಯ ಕೈಯಲ್ಲಿ ದಾಖಲೆಯ ಪುಸ್ತಕ. ಅವಳ ಅಕ್ಷರ ದುಂಡಗಿದೆ ಎಂಬ ಮೆಚ್ಚುಗೆಯೂ ಸಿಗುತ್ತದೆ. ಯಾರೂ ಅವಳನ್ನು ತಡೆಯಲಿಲ್ಲ. ಯಾರ ಮನಸ್ಸಿನಲ್ಲಿಯೂ ಕೆಡುಕಿಲ್ಲ. ಗಂಟೆ ಬಾರಿಸಿದ ಮೇಲೆ ಹುಡುಗರು ದೀಪ ಏಕೆ ಹತ್ತಲಿಲ್ಲವೆಂದು ಜಗಳವಾಡುತ್ತ ಮೈದಾನವನ್ನು ದಾಟುತ್ತಾರೆ. ಹುಡುಗಿಯರು ಬಸ್ಸು ತಪ್ಪೀತೆಂದು ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬರುವುದು ಆ ಹುಡುಗಿಗೇ. ಹಾಗಾದರೆ ಅವಳು ಕಳೆದುಕೊಂಡದ್ದೇನು? ಆ ಜಗಳವನ್ನು. ಮುಂದಿನ ವಾರ ಕೈಗಳನ್ನು ಬದಲಾಯಿಸಿ ನೋಡಿ: ಪುಸ್ತಕ ಹುಡುಗನ ಕೈಗೆ, ತಂತಿ ಹುಡುಗಿಯ ಕೈಗೆ. ಇದಕ್ಕೆ ಸರ್ಕಾರದ ಆಜ್ಞೆ ಬೇಕಾಗಿಲ್ಲ, ಖರ್ಚೂ ಇಲ್ಲ.

ಗೆರೆಯನ್ನು ಅಳಿಸಿದರೆ ಏನಾಗುತ್ತದೆಂಬುದನ್ನು ತೋರಿಸುವ ಎರಡು ಪ್ರಯೋಗಾಲಯಗಳು ಇಂಗ್ಲೆಂಡಿನಲ್ಲಿದ್ದುವು. ಒಂದು, ಕೇಂಬ್ರಿಜ್‌ನಲ್ಲಿ ಜೀವರಸಾಯನವಿಜ್ಞಾನಿ ಫ್ರೆಡರಿಕ್ ಹಾಪ್ಕಿನ್ಸ್ ಅವರದು. ಇನ್ನೊಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ಷ-ಕಿರಣಗಳಿಂದ ಸ್ಫಟಿಕಗಳ ಒಳರಚನೆಯನ್ನು ಅರಸುತ್ತಿದ್ದ ವಿಲಿಯಂ ಹೆನ್ರಿ ಬ್ರ್ಯಾಗ್ ಅವರದು. ಇಬ್ಬರೂ ಹೆಂಗಸರನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತಿದ್ದರು. ಬ್ರ್ಯಾಗ್ ಅವರ ಶಿಷ್ಯೆ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಳೆಯ ಮಕ್ಕಳನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿದಾಗ, ಮನೆಗೆಲಸಕ್ಕೆ ಆಳಿಟ್ಟುಕೊಳ್ಳಲೆಂದು ಬ್ರ್ಯಾಗ್ ಹಣವನ್ನು ಒದಗಿಸಿಕೊಟ್ಟರು. ಹಾಪ್ಕಿನ್ಸ್ ಅವರ ಪ್ರಯೋಗಾಲಯಕ್ಕೆ ನಮ್ಮ ಕಮಲಾ ಭಾಗವತ್ ಹೋದಾಗ ಅಲ್ಲಿ ಜಾಗವೇ ಇರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ಹಗಲಿನಲ್ಲಿ ತಮ್ಮ ಮೇಜನ್ನು ಅವರಿಗೆ ಬಿಟ್ಟುಕೊಟ್ಟು ತಾವು ರಾತ್ರಿ ಕೆಲಸ ಮಾಡಿದರು. ಬೆಂಗಳೂರಿನ ಷರತ್ತನ್ನೂ ಕೇಂಬ್ರಿಜ್ಜಿನ ಈ ಮೇಜನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1939ರಲ್ಲಿ ಕಮಲಾ ಡಾಕ್ಟರೇಟ್ ಪಡೆದರು.

1660ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಸೊಸೈಟಿ ಹೆಂಗಸರನ್ನು ಸದಸ್ಯರನ್ನಾಗಿ ಆರಿಸಿದ್ದು 1945ರಲ್ಲಿ. ಇನ್ನೂರ ಎಂಬತ್ತೈದು ವರ್ಷಗಳ ಮೇಲೆ. ಆ ವರ್ಷ ಆಯ್ಕೆಯಾದವರು ಇಬ್ಬರು. ಒಬ್ಬರು ಬ್ರ್ಯಾಗ್ ಅವರ ಪ್ರಯೋಗಾಲಯದ ಕ್ಯಾಥ್ಲೀನ್ ಲಾನ್ಸ್‌ಡೇಲ್, ಇನ್ನೊಬ್ಬರು ಹಾಪ್ಕಿನ್ಸ್ ಅವರ ಪ್ರಯೋಗಾಲಯದ ಮಾರ್ಜರಿ ಸ್ಟೀಫನ್‌ಸನ್. ಇದನ್ನು ಆಕಸ್ಮಿಕವೆಂದು ಹೇಳಲು ನನಗೆ ಮನಸ್ಸಾಗದು.

ಬ್ರ್ಯಾಗ್ ಅವರ ಬಳಿ ಕಲಿತ ಜೆ. ಡಿ. ಬರ್ನಾಲ್ ಕೇಂಬ್ರಿಜ್‌ನಲ್ಲಿ ಅದೇ ಪದ್ಧತಿಯನ್ನು ಮುಂದುವರಿಸಿದರು. 1932ರಲ್ಲಿ ಡರೋಥಿ ಹಾಜ್ಕಿನ್ ಅಲ್ಲಿಗೆ ಬಂದರು. ನಿತ್ಯವೂ ಮಧ್ಯಾಹ್ನ ಒಬ್ಬರು ಪೇಟೆಗೆ ಹೋಗಿ ಬ್ರೆಡ್ಡು, ಹಣ್ಣು, ಗಿಣ್ಣುಗಳನ್ನು ತರುವರು. ಇನ್ನೊಬ್ಬರು ಪ್ರಯೋಗದ ಮೇಜಿನ ಮೂಲೆಯ ಒಲೆಯ ಮೇಲೆ ಕಾಫಿ ಕಾಯಿಸುವರು. ಗಂಡು ಹೆಣ್ಣೆನ್ನದೆ ಎಲ್ಲರೂ ಸುತ್ತ ಕುಳಿತು ತಿನ್ನುತ್ತ ಲೋಕದ ವಿಜ್ಞಾನವನ್ನೆಲ್ಲ ಚರ್ಚಿಸುವರು. ಅಲ್ಲಿಂದ ಅವರು ಆಕ್ಸ್‌ಫರ್ಡಿಗೆ ಹಿಂದಿರುಗಿದಾಗ, ಅಲ್ಲಿಯ ಅಧ್ಯಾಪಕರ ರಸಾಯನ ಕೂಟಕ್ಕೆ ಹೆಂಗಸೆಂಬ ಕಾರಣದಿಂದ ಅವರಿಗೆ ಪ್ರವೇಶವಿರಲಿಲ್ಲ. ಆದರೆ ಅಷ್ಟರಲ್ಲಿ ಅವರಿಗೊಂದು ಬಳಗ ದೊರೆತಾಗಿತ್ತು. ಪೆನಿಸಿಲಿನ್ ಮತ್ತು ಬಿ–12 ಜೀವಸತ್ತ್ವದ ರಚನೆಗಳನ್ನು ಬಿಡಿಸಿದ್ದಕ್ಕಾಗಿ 1964ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ನಿನ ರಚನೆಯನ್ನು 1969ರಲ್ಲಿ ಕಂಡುಕೊಂಡಾಗ ಅವರ ಸುತ್ತ ಹಲವು ದೇಶಗಳ ತರುಣ ತರುಣಿಯರಿದ್ದರು. ಅವರಲ್ಲಿ ಒಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಹೋಗಿದ್ದ ಎಂ. ವಿಜಯನ್.

ವಿಜಯನ್ 1971ರಲ್ಲಿ ಅದೇ ಸಂಸ್ಥೆಗೆ ಹಿಂದಿರುಗಿ, ಪ್ರೋಟೀನುಗಳ ರಚನೆಯನ್ನು ಅರಿಯುವ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದರು. 1994ರಲ್ಲಿ ಅವರ ತಂಡ ರಚನೆಯನ್ನು ಪ್ರಕಟಿಸಿದ ಒಂದು ಪ್ರೋಟೀನು ಕಡಲೆಕಾಯಿ ಬೀಜದ್ದು. ಅದೇ ಸಂಸ್ಥೆಯ ಬಾಗಿಲಲ್ಲಿ 1933ರಲ್ಲಿ ಷರತ್ತಿಗೆ ತಲೆಬಾಗಿ ಒಳಗೆ ಹೋದ ಕಮಲಾ ಭಾಗವತ್ ಅಭ್ಯಾಸಕ್ಕೆ ಎತ್ತಿಕೊಂಡಿದ್ದುದೂ ಬೇಳೆಕಾಳುಗಳ ಪ್ರೋಟೀನನ್ನೇ.